ಫಿಜಿಗೆ ಹೋಗುವ ಪರೀಕ್ಷೆ

ಕುರಿ ನೀಲಗಿರಿ ಎಲೆ ತಿನ್ನುವುದಿಲ್ಲ. ಸರ್ಕಾರಕ್ಕೆ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕುರಿಗಳನ್ನೇ ಕೇಳಿದ್ದರೂ ಹೇಳುತ್ತಿದ್ದವು. ಮಾಡದಕೆರೆ ಸುತ್ತಿನ ಕುರಿ ಮೇಯುವ ಕಾವಲನ್ನೆಲ್ಲ ತಂತಿಬೇಲಿಯೊಳಗೆ ಹಾಕಿ, ಸಾಲು ಸಾಲಾಗಿ ನೀಲಗಿರಿ ನೆಟ್ಟು, ಬಾಗಿಲಿಗೊಬ್ಬ ಗಾರ್ಡನ್ನು ನಿಲ್ಲಿಸಿ, ಇದೇ ಪ್ರಗತಿ ಎಂದು ಬೋರ್ಡು ಬರೆಸಿದರು. ಗೊಲ್ಲರಹಟ್ಟಿಯ ಕುರಿಗಳು ಬೇಲಿಯ ಈಚೆ ನಿಂತು ಪ್ರಗತಿಯನ್ನು ನೋಡಿದವು. ನೋಡಿದರೆ ಹೊಟ್ಟೆ ತುಂಬೀತೇ? ಎರಡು ವರ್ಷದಲ್ಲಿ ಚಿತ್ತಯ್ಯನ ಮಂದೆ ಕರಗಿ ಕರಗಿ ಒಂದು ಕುಂಟ ಟಗರು, ಎರಡು ಮುದಿ ಕುರಿ ಉಳಿದವು. ಅದನ್ನು ಮಂದೆ ಎಂದರೆ ಜನ ನಗುತ್ತಾರೆಂದು ಅವನು "ನಮ್ಮನೆ ಮೂರು ಜನ" ಎನ್ನುತ್ತಿದ್ದ.

ಉಳಿದದ್ದು ಹಳ್ಳದ ದಂಡೆಯ ಒಂದು ತುಂಡು ಕೆಂಪು ಹೊಲ. ಅದರಲ್ಲಿ ಆರಿದ್ರೆ ಮಳೆಗೆ ಸಾವೆ ಬಿತ್ತಿದರೆ ವರ್ಷದ ಅನ್ನ. ಬಿತ್ತದಿದ್ದರೆ ಅನ್ನವಿಲ್ಲ. ಲೆಕ್ಕ ಇಷ್ಟು ಸಲೀಸಾಗಿತ್ತು.

ತುರ್ತು ಪರಿಸ್ಥಿತಿ ಮುಗಿದು ವರ್ಷವಾಗಿತ್ತು. ಇನ್ನು ಯಾರು ಬೇಕಾದರೂ ಬಾಯಿಬಿಟ್ಟು ಮಾತಾಡಬಹುದು ಎಂದು ಜನ ಹೇಳಿಕೊಳ್ಳುತ್ತಿದ್ದರು. ನಮ್ಮ ಹಟ್ಟಿಗಳ ಕಡೆ ಮೊದಲು ಬಂದು ಬಾಯಿಬಿಟ್ಟವನು ಜಂಪಣ್ಣ. ಕಾಲ ಬುಡದಲ್ಲಿ ನೆಲ ಗುಡಿಸುವ ಪ್ಯಾಂಟು, ಕಪ್ಪು ಕನ್ನಡಕ, ಕಂಕುಳಲ್ಲಿ ರೆಕ್ಸಿನ್ ಚೀಲ. ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲೇ ಹಿರಿಯ ಕಾಟಲಿಂಗಪ್ಪ ಅವನನ್ನು ತಡೆದ.

"ಒಳಗೆ ಮೆಟ್ಟು ಹಾಕ್ಕಂಡು ಬರಾಂಗಿಲ್ಲ ಸ್ವಾಮಿ. ದೇವ್ರಿರೋ ಜಾಗ."

ಜಂಪಣ್ಣ ಬೂಟು ಕಳಚಿದ. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಇಷ್ಟು ಪ್ಯಾಂಟಿರುವವನಿಗೂ ಕಾಲುಚೀಲ ಹರಿದಿದೆ, ಪಾಪ, ನಮ್ಮಂಥವನೇ ಇರಬೇಕು ಎಂದುಕೊಂಡ ಚಿತ್ತಯ್ಯ. ಆ ಹೆಬ್ಬೆರಳನ್ನು ನೋಡಿಯೇ ಅವನಿಗೆ ಅರ್ಧ ನಂಬಿಕೆ ಬಂತು.

"ಫಿಜಿ ಅಂತ ಒಂದು ದ್ವೀಪ ಐತೆ," ಜಂಪಣ್ಣ ಕಟ್ಟೆಯ ಮೇಲೆ ಕೂತು ಶುರುಮಾಡಿದ. "ದೊಡ್ಡ ಸಮುದ್ರದ ನಟ್ಟನಡುವೆ. ಬ್ರಿಟಿಷ್ನೋರು ಮೊನ್ನೆ ಮೊನ್ನೆ ಬಿಟ್ಟು ಹೋದ್ರು. ಆಗಿನ ಕಾಲ್ದಾಗೆ ಕಬ್ಬು ಕಡಿಯಾಕೆ ಹೋದ ನಮ್ಮ ದೇಶದೋರೇ ಅಲ್ಲಿ ಊರಿಗೂರೇ ಅವ್ರೆ. ಎಲ್ಲಿ ನೋಡಿದ್ರೂ ತೆಂಗು. ಕಾಯಿ ಬೀಳ್ತಾವೆ, ಸುಲಿಯೋರಿಲ್ಲ. ಜನ ಬೇಕು ಅಂತ ಅಲ್ಲಿ ಸರ್ಕಾರ ನಮಗೆ ಹೇಳೈತೆ."

"ಕುರಿ ಅವ್ಯೇನು ಅಲ್ಲಿ?" ಚಿತ್ತಯ್ಯ ಕೇಳಿದ.

"ಹುಲ್ಲು ಐತೆ. ಸೊಂಟದುದ್ದ. ಬೇಲಿ ಇಲ್ಲ."

ಹಟ್ಟಿಯ ಗಂಡಸರೆಲ್ಲ ಮುಂದಕ್ಕೆ ಸರಿದು ಕೂತರು. ಬೇಲಿ ಇಲ್ಲದ ಸೊಂಟದುದ್ದ ಹುಲ್ಲಿಗೆ ಅವರು ಸಮುದ್ರವನ್ನು ಈಜಿಕೊಂಡೇ ಹೋಗಲೂ ತಯಾರಿದ್ದರು.

ಕಾಟಲಿಂಗಪ್ಪ ಮಾತ್ರ ಲೋಕ ಕಂಡವನು. "ಅದ್ಸರಿ, ನಿಮಗೆಷ್ಟು ಕೊಡ್ಬೇಕು?" ಎಂದ.

ಜಂಪಣ್ಣ ಕೆನ್ನೆ ಕೆನ್ನೆ ಬಡಿದುಕೊಂಡ. "ಬಡವ್ರ ಹತ್ರ ಒಂದು ಬಿಡಿಗಾಸು ಮುಟ್ಟಿದ್ರೆ ನನ್ನ ಕೈ ಸೇದೋಗ್ಲಿ! ಬರೀ ಪರೀಕ್ಷೆ ಪಾಸಾಗ್ಬೇಕು. ಹಿರಿಯೂರಾಗೆ ಕಾಯಿ ಮಂಡಿ ಮೂರ್ತಪ್ಪ ಸಾವ್ಕಾರ್ರು ಅದಕ್ಕೇ ಅಂತ ಜಾಗ ಕೊಟ್ಟವ್ರೆ. ಅಲ್ಲಿಗೆ ಬರ್ರಿ, ಕಾಯಿ ಸುಲೀರಿ. ಚೆನ್ನಾಗಿ ಸುಲಿದೋರ್ನ ಹಡಗು ಹತ್ತಿಸ್ತೀನಿ. ಬುತ್ತಿ ನೀವೇ ತರಬೇಕು, ಪರೀಕ್ಷೆ ಅಲ್ವಾ."

ಇಲ್ಲೇ ಹಟ್ಟಿಯವರು ಎಡವಿದ್ದು. ದುಡ್ಡು ಕೇಳುವವನು ಕಳ್ಳ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಶಾನುಭೋಗ ಕೇಳುತ್ತಿದ್ದ, ಗಾರ್ಡು ಕೇಳುತ್ತಿದ್ದ, ಪುಢಾರಿ ಕೇಳುತ್ತಿದ್ದ. ಆದ್ದರಿಂದ ದುಡ್ಡು ಕೇಳದವನು ಒಳ್ಳೆಯವನೇ ಇರಬೇಕು ಎಂದು ತಿಳಿದರು. ಬೆವರು ಕೇಳುವ ಕಳ್ಳನೂ ಇರುತ್ತಾನೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿತ್ತಯ್ಯನ ಹೆಂಡತಿ ಪಾಲಮ್ಮ ಒಪ್ಪಲಿಲ್ಲ. ಅವಳು ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಒಲೆಯ ಮುಂದೆ ಕೂತು ಕೇಳಿದಳು.

"ಆರಿದ್ರೆ ಹುಟ್ಟಾಕೆ ಇನ್ನೇನು ಬಂತು. ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ ಅಂತಾರೆ. ಬಿತ್ತಿಗೆ ಮುಗಿಸಿ ಹೋಗು."

"ಫಿಜಿಗೆ ಹೋಗೋನಿಗೆ ಸಾವೆ ಯಾಕೆ ಬೇಕು?"

"ನೀನು ಹೋಗ್ತೀಯ. ನಾನೇನು ಮಣ್ಣು ತಿನ್ಲಾ?"

"ನಿನ್ನೂ ಕರಸ್ಕಂತೀನಿ ಕಣೇ. ಹಡಗ್ನಾಗೆ ಬರುವಂತೆ."

"ಬಸ್ನಾಗೆ ಕುಂತ್ರೇ ನನಗೆ ವಾಂತಿ ಆಯ್ತದೆ," ಎಂದು ಪಾಲಮ್ಮ ಮುದ್ದೆ ತಿರುವಿದಳು. ಆದರೂ ಬೆಳಗ್ಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಹಟ್ಟಿಯ ಗಟ್ಟಿ ಗಂಡಸರೆಲ್ಲ ಒಂದೇ ಬಸ್ಸಿಗೆ ಹಿರಿಯೂರಿಗೆ ಹೋದರು.

ಮೂರ್ತಪ್ಪನ ಮಂಡಿಯ ಹಿಂದೆ ದೊಡ್ಡ ತಗಡಿನ ಷೆಡ್ಡು. ಅದರ ತುಂಬ ಕಳೆದ ವರ್ಷದಿಂದ ಒಣಗಿಸಿಟ್ಟ ಕಾಯಿ ಸೂರಿನವರೆಗೆ ರಾಶಿ ಬಿದ್ದಿತ್ತು. ದೇವರಹಟ್ಟಿಯಿಂದ, ಇನ್ನೂ ಎಷ್ಟೋ ಹಟ್ಟಿಗಳಿಂದ ಪರೀಕ್ಷೆಗೆ ಜನ ಬಂದಿದ್ದರು. ನೆಲದಲ್ಲಿ ಚೂಪು ಮೇಲಾಗಿ ಹಾರೆಗಳನ್ನು ನೆಟ್ಟಿದ್ದರು. ಹಾರೆಯ ಮೊನೆಗೆ ಕಾಯಿ ಕುಕ್ಕಿ, ತಿರುಚಿ, ಮಟ್ಟೆ ಬಿಡಿಸಬೇಕು. ನೋಡಲು ಏನೂ ಇಲ್ಲ. ಮಾಡಲು ಹೋದರೆ ರಟ್ಟೆ ಬಿದ್ದುಹೋಗುತ್ತದೆ. ಕುರಿಯ ಉಣ್ಣೆ ಕತ್ತರಿಸಿದ ಕೈಗಳು ಮೊದಲ ದಿನವೇ ಬೊಬ್ಬೆ ಎದ್ದು, ಎರಡನೆಯ ದಿನ ಬೊಬ್ಬೆ ಒಡೆದು, ಮೂರನೆಯ ದಿನ ಬಟ್ಟೆ ಸುತ್ತಿಕೊಂಡವು. ಒಬ್ಬನ ಅಂಗೈಗೆ ಹಾರೆಯೇ ನಾಟಿತು. ಅವನು ಅರಿಶಿನ ಮೆತ್ತಿಕೊಂಡು ಮತ್ತೆ ಬಂದು ಕೂತ, ಫೇಲಾದರೆ ಏನು ಗತಿ ಎಂದು.

ಸುಲಿದ ಕಾಯಿಯ ಚಿಪ್ಪನ್ನು ಒಡೆದು ಒಳಗಿನ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವುದು ಇನ್ನೊಂದು ಪರೀಕ್ಷೆ. ಅದಕ್ಕೆ ಜಂಪಣ್ಣ "ಸೆಕೆಂಡ್ ಪೇಪರು" ಎಂದು ಹೆಸರಿಟ್ಟಿದ್ದ. ಎಲ್ಲರ ನಡುವೆ ಕನ್ನಡಕ ಹಾಕಿಕೊಂಡು ಓಡಾಡುತ್ತ ಹುರಿದುಂಬಿಸುತ್ತಿದ್ದ.

"ಏನಪ್ಪ, ದೇವರಹಟ್ಟಿಯೋರು ನಿಮ್ಮನ್ನ ಹಿಂದಾಕಿದ್ರಲ್ಲ! ಹಡಗಿನಾಗೆ ಮುಂದಿನ ಸೀಟು ಅವ್ರಿಗೇ ಹೋತು ತಗ!"

ಸಾಕಲ್ಲ? ಗೊಲ್ಲರ ಪೈಕಿ ಒಂದು ಹಟ್ಟಿ ಇನ್ನೊಂದಕ್ಕೆ ಸೋಲುವುದುಂಟೇ! ದನ ದುಡಿದಂತೆ ದುಡಿದರು. ಚಿತ್ತಯ್ಯನಿಗೆ ಮಧ್ಯಾಹ್ನ ರೊಟ್ಟಿ ಮುರಿಯಲೂ ಬೆರಳು ಮಡಚುತ್ತಿರಲಿಲ್ಲ. ಆದರೂ ಅವನಿಗೆ ಖುಷಿಯೋ ಖುಷಿ. ಮಂಡಿಯ ಜಗಲಿಯ ಮೇಲೆ ಮೂರ್ತಪ್ಪ ಸಾಹುಕಾರ ಎಲೆಯಡಿಕೆ ಹಾಕುತ್ತ ಕೂತಿರುತ್ತಿದ್ದ. ಒಂದು ಸಲ ಚಿತ್ತಯ್ಯನ ಕಡೆ ನೋಡಿ ತಲೆದೂಗಿದ್ದೂ ಉಂಟು. ಆ ತಲೆದೂಗಿನಿಂದ ಚಿತ್ತಯ್ಯ ಒಂದು ದಿನ ಹಸಿವೆಯಿಲ್ಲದೆ ಕಳೆದ.

ವಾರದ ಮೇಲೆ ಒಂದು ಮಧ್ಯಾಹ್ನ ಷೆಡ್ಡಿನ ನೆಲ ಕಾಣಿಸಿತು. ಕೊನೆಯ ಕಾಯಿ ಸುಲಿದದ್ದಾಯಿತು. ಆಗಲೇ ಹೊಳಲ್ಕೆರೆ ಕಡೆಯ ತಾಳ್ಯದಿಂದ ಒಂದು ಗುಂಪು ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಿತು.

"ಪರೀಕ್ಷೆ ಮುಗೀತು ಹೋಗ್ರಪ್ಪ," ಎಂದ ಜಂಪಣ್ಣ.

"ನಾವೂ ಫಿಜಿಗೆ ಹೋಗಾಕೆ ಬಂದೀವಿ ಸ್ವಾಮಿ."

"ಕಾಯಿ ಎಲ್ಲಿ ಅವೆ? ಮುಗೀತು ಅಂದ್ನಲ್ಲ."

ಫಿಜಿಗೆ ಜನ ಸಾಕಾದದ್ದೋ, ಮೂರ್ತಪ್ಪನ ಕಾಯಿ ಮುಗಿದದ್ದೋ ಎಂದು ಚಿತ್ತಯ್ಯನಿಗೆ ಒಂದು ಸಣ್ಣ ಅನುಮಾನ ಹೊಳೆಯಿತು. ಅದನ್ನು ಅವನು ಬಾಯಿಗೆ ತರಲಿಲ್ಲ. ಪಾಸಾದವರ ಹೆಸರು ಬೆಂಗಳೂರಿನಿಂದ ಬರುತ್ತದೆ, ಊರಿಗೆ ಹೋಗಿ ಕಾಯಿರಿ ಎಂದು ಜಂಪಣ್ಣ ಎಲ್ಲರ ಬೆನ್ನು ತಟ್ಟಿ ಕಳಿಸಿದ.

ಬಸ್‌ಸ್ಟ್ಯಾಂಡಿನಲ್ಲಿ ಅವರಿಗಾಗಿ ಕೆಲವರು ಕಾದು ನಿಂತಿದ್ದರು. ಮುಂದಿದ್ದವನ ಅಂಗೈ ನೋಡಿದರೆ ಸಾಕು, ಹಾರೆಯ ಮೇಲೆ ಜೀವಮಾನ ಕಳೆದವನೆಂದು ಗೊತ್ತಾಗುತ್ತಿತ್ತು. ಅವನ ಹೆಸರು ಬೋರಣ್ಣ.

"ಆತೇನ್ರಪ್ಪ ನಿಮ್ಮ ಪರೀಕ್ಷೆ?"

"ಆತಣ್ಣ. ಚೆನ್ನಾಗಿ ಮಾಡೀವಿ," ಎಂದ ಚಿತ್ತಯ್ಯ ಹೆಮ್ಮೆಯಿಂದ.

"ಮಾಡಿದ್ರಿ ಬಿಡು. ನಮ್ಮ ಅನ್ನಕ್ಕೆ ಮಣ್ಣು ಹಾಕಿದ್ರಿ." ಬೋರಣ್ಣ ತನ್ನ ಅಂಗೈಗಳನ್ನು ಮುಂದೆ ಚಾಚಿದ. "ಮೂರ್ತಪ್ಪನ ಮಂಡಿ ಕಾಯಿ ಸುಲಿಯೋರು ನಾವು. ನಮ್ಮಪ್ಪನ ಕಾಲದ ಕೂಲಿ ಇನ್ನೂ ಕೊಡ್ತಾನೆ. ಜಾಸ್ತಿ ಮಾಡು, ಇಲ್ದಿದ್ರೆ ಹಾರೆ ಮುಟ್ಟಲ್ಲ ಅಂತ ಕುಂತಿದ್ವಿ. ಇನ್ನೊಂದು ವಾರ ಆಗಿದ್ರೆ ಕಾಲಿಗೆ ಬೀಳ್ತಿದ್ದ. ಡೆಲ್ಲಿಗೆ ಕೊಬ್ಬರಿ ಕಳಿಸ್ಬೇಕಿತ್ತು ಅವನು. ನೀವು ಬಂದ್ರಿ. ಬಿಟ್ಟಿ ಸುಲಿದ್ರಿ. ಜಂಪಣ್ಣ ಯಾರು ಅಂತ ಮಾಡೀರಿ? ಮೂರ್ತಪ್ಪನ ಹೆಂಡ್ತಿ ತಮ್ಮ!"

ಚಿತ್ತಯ್ಯ ಅಲ್ಲೇ ಕಟ್ಟೆಯ ಮೇಲೆ ಕೂತ. ಬಟ್ಟೆ ಸುತ್ತಿದ ತನ್ನ ಕೈಗಳನ್ನು ನೋಡಿಕೊಂಡ. ಅವನಿಗೆ ಮೊದಲು ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ಮೋಸ ಹೋದದ್ದಕ್ಕಲ್ಲ. ತನ್ನಂಥವನೇ ಒಬ್ಬನ ಹೊಟ್ಟೆಯ ಮೇಲೆ ಹೊಡೆದು, ಅದೇ ಹೊತ್ತಿನಲ್ಲಿ ಸಂತೋಷಪಟ್ಟೆನಲ್ಲ ಎಂದು.

"ನಮಗೆ ಗೊತ್ತಿರಲಿಲ್ಲ ಬೋರಣ್ಣ," ಎಂದ. "ಗೊತ್ತಿದ್ರೆ ಅವನ ಹಾರೆಗೆ ಅವನನ್ನೇ ಕುಕ್ತಿದ್ವಿ."

"ಗೊತ್ತಿರಲಿಲ್ಲ ಅಂತ್ಲೇ ನಿಮ್ಮನ್ನ ಕರೆಸಿದ್ದು. ಏಳ್ರಿ, ಆಫೀಸಿಗೆ ಹೋಗಾಣ."

ಬೋರಣ್ಣನೇ ಎಲ್ಲರನ್ನೂ ಕೂಲಿ ವಿಚಾರ ನೋಡುವ ಇನ್ಸ್‌ಪೆಕ್ಟರ ಬಳಿಗೆ ಕರೆದೊಯ್ದ. ಸಾಹೇಬರು ಪೇಪರು ಓದುತ್ತಿದ್ದರು. ಎದುರು ಕುರ್ಚಿಯಲ್ಲಿ, ಯಾರು ಸುದ್ದಿ ಮುಟ್ಟಿಸಿದ್ದರೋ, ಮೂರ್ತಪ್ಪ ಸಾಹುಕಾರ ಆಗಲೇ ಕಾಫಿ ಕುಡಿಯುತ್ತಿದ್ದ. ಹಟ್ಟಿಯವರು ತಮ್ಮ ಗೋಳು ಹೇಳಿ ಮುಗಿಸುವವರೆಗೂ ಸಾಹೇಬರು ಪೇಪರು ಮಡಚಲಿಲ್ಲ.

"ನೋಡ್ರಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವರಿಗೆ ಯಾರಾದರೂ ಕೂಲಿ ಕೊಡ್ತಾರಾ?"

"ಇಲ್ಲ ಬುದ್ಧಿ."

"ಮತ್ತೆ? ನೀವೂ ಪರೀಕ್ಷೆಗೆ ಅಂತಲೇ ಬಂದಿದ್ದು. ಕೂಲಿಗೆ ಅಂತ ಯಾರು ಕರೆದರು?"

"ನಾನಂತೂ ಕರೆದಿಲ್ಲಪ್ಪ," ಎಂದ ಮೂರ್ತಪ್ಪ ಮೀಸೆಯ ಕಾಫಿ ಒರೆಸಿಕೊಂಡು. "ಅವ್ರಾಗಿ ಬಂದ್ರು, ಪ್ರೀತಿಯಿಂದ ಕೆಲ್ಸ ಮಾಡಿದ್ರು. ನಾನು ಬ್ಯಾಡ ಅನ್ನಲಿಲ್ಲ."

"ಕೂಲಿ ಅಲ್ಲ ಅಂದಮೇಲೆ ನನ್ನ ಕಾನೂನಿಗೆ ಬರೋದಿಲ್ಲ," ಎಂದರು ಸಾಹೇಬರು. ಆಮೇಲೆ ಜ್ಞಾನ ಉಕ್ಕಿ ಬಂದು ಬೆರಳಲ್ಲಿ ಪೇಪರನ್ನು ಕುಟ್ಟಿದರು. "ಫಿಜಿಗೆ ಹೋಗ್ತಾರಂತೆ! ಆ ಸಮುದ್ರದ ದ್ವೀಪಗಳ ಜನಾನೇ ಕೆಲಸ ಹುಡುಕಿಕೊಂಡು ನ್ಯೂಜಿಲೆಂಡಿಗೆ ಹೋಗ್ತಾರೆ. ಬೇಕಾದಾಗ ಕರೆಸಿಕೊಂಡು ದುಡಿಸಿಕೊಳ್ತಾರೆ. ಬೇಡವಾದಾಗ ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿದು, ಕಾಗದ ಎಲ್ಲಿ ಅಂತ ಕೇಳಿ, ಹಾಸಿಗೆಯಿಂದ ಎಬ್ಬಿಸಿ ವಾಪಸ್ ಅಟ್ತಾರೆ. ಪ್ರಪಂಚಜ್ಞಾನ ಬೇಡವೇನ್ರೀ ನಿಮಗೆ?"

ಚಿತ್ತಯ್ಯನಿಗೆ ಪ್ರಪಂಚಜ್ಞಾನ ಆ ಕ್ಷಣವೇ ಬಂತು. ಹೆಸರು ಕೂಡ ಗೊತ್ತಿಲ್ಲದ ಆ ದ್ವೀಪದವರ ಮೇಲೆ ಅವನಿಗೆ ಕನಿಕರ ಬಂತು. "ಪಾಪ, ಅವ್ರಿಗೆ ಎಂಥ ಜಂಪಣ್ಣ ಸಿಕ್ಕಿದ್ನೋ," ಎಂದ ಗಟ್ಟಿಯಾಗಿ. ಸಾಹೇಬರಿಗೆ ಅದು ಅರ್ಥವಾಗಲಿಲ್ಲ.

ಹಟ್ಟಿಗೆ ಬಂದರೆ ಊರೆಲ್ಲ ಮಣ್ಣಿನ ವಾಸನೆ. ಅವರು ಹಿರಿಯೂರಿನಲ್ಲಿ ಸುಲಿಯುತ್ತ ಕೂತಿದ್ದಾಗ ಆರಿದ್ರೆ ಇಲ್ಲಿ ಹೊಯ್ದು ಹೋಗಿತ್ತು. ಸುತ್ತಲಿನ ಊರುಗಳಲ್ಲಿ ಕೂರಿಗೆ ಹೂಡಿ ಬಿತ್ತಿಯೂ ಆಗಿತ್ತು. ಹಟ್ಟಿಯಲ್ಲಿ ಮಾತ್ರ ಬರೀ ಹೆಂಗಸರು. ಬೀಜ ಬಿಡುವುದು ಅವರ ಕೆಲಸ. ಎತ್ತು ಹೂಡಿ ಕೂರಿಗೆ ಹಿಡಿಯಲು ಗಂಡಸರಿರಲಿಲ್ಲ. ಪಾಲಮ್ಮ ಹೊಲದ ಒಂದು ಮೂಲೆಗೆ ಬೀಜ ಕೈಯಲ್ಲೇ ಎರಚಿ, ಗುದ್ದಲಿಯಲ್ಲಿ ಮಣ್ಣೆಳೆದಿದ್ದಳು. ಹದ ಇನ್ನು ಹೆಚ್ಚು ದಿನ ಉಳಿಯುವಂತಿರಲಿಲ್ಲ. ಇಡೀ ಹಟ್ಟಿಯ ಹೊಲಗಳನ್ನು ಅಷ್ಟರೊಳಗೆ ಬಿತ್ತಲು ಇದ್ದಬದ್ದ ಎತ್ತು ಸಾಲವು, ಆಳೂ ಸಾಲರು. ಗಂಡಸರ ಕೈಗಳಂತೂ ಮೇಣಿ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ.

ಪಾಲಮ್ಮ ಗಂಡನನ್ನು ಬೈಯಬೇಕೆಂದು ವಾರವಿಡೀ ಮಾತು ಕೂಡಿಟ್ಟಿದ್ದಳು. ಅವನ ಅಂಗೈ ನೋಡಿ ಎಣ್ಣೆಯ ಬಟ್ಟಲು ತಂದಳು. ಬಟ್ಟೆ ಬಿಚ್ಚಿ, ಎಣ್ಣೆ ಹಚ್ಚುತ್ತ, ನಡೆದದ್ದನ್ನೆಲ್ಲ ಕೇಳಿದಳು.

"ಸಾವ್ಕಾರ ಏನಂದ? ಇನ್ನೊಂದು ಸಲ ಹೇಳು."

"ಕೂಲಿಗೆ ಕರೀಲಿಲ್ಲ, ಪ್ರೀತಿಯಿಂದ ಬಂದು ಮಾಡಿದ್ರು ಅಂದ."

"ಆಫೀಸ್ರು?"

"ಅವ್ರೂ ಕೂಲಿ ಅಲ್ಲ ಅಂದ್ರು."

ಪಾಲಮ್ಮ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ನಿಂತಳು. "ಕೂಲಿ ಅಲ್ಲ ಅಂದ್ಮೇಲೆ ಅದು ಮುಯ್ಯಿ ಕಣೋ!"

ಈ ಸೀಮೆಯಲ್ಲಿ ಹಣವಿಲ್ಲದೆ ನಡೆಯುವ ವ್ಯವಹಾರ ಅದೊಂದೇ. ಇವತ್ತು ನಿನ್ನ ಹೊಲಕ್ಕೆ ನಾನು ಬಂದು ದುಡಿದರೆ ನಾಳೆ ನನ್ನ ಹೊಲಕ್ಕೆ ನೀನು ಬಂದು ದುಡಿಯಬೇಕು. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಬದಲಿಗೆ ಆಳು ಕಳಿಸುವಂತಿಲ್ಲ, ದುಡ್ಡು ಕೊಡುವಂತಿಲ್ಲ, ಮನೆಯವರೇ ಬರಬೇಕು. ಮುಯ್ಯಿ ತಿಂದು ತೀರಿಸದವನ ಮನೆಯ ಮದುವೆಗೆ ಚಪ್ಪರ ಹಾಕಲು ಜನ ಹೋಗುವುದಿಲ್ಲ, ಹೆಣ ಎತ್ತಲೂ ಹೋಗುವುದಿಲ್ಲ. ಅಂಥದರಲ್ಲಿ ಮೂರ್ತಪ್ಪ ಒಂದಲ್ಲ, ಎಷ್ಟೋ ಹಟ್ಟಿಗಳ ಮುಯ್ಯಿ ತಿಂದು ಕೂತಿದ್ದ.

ಮರುದಿನ ಮೊದಲ ಬಸ್ಸಿಗೆ ಹಟ್ಟಿಗೆ ಹಟ್ಟಿಯೇ ಹತ್ತಿತು. ಪಾಲಮ್ಮ ಕಿಟಕಿಯ ಪಕ್ಕ ಕೂತು, ಹೇಳಿದ ಹಾಗೆಯೇ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಹಿರಿಯೂರಿನಲ್ಲಿ ಇಳಿದು, ಬಾಯಿ ಮುಕ್ಕಳಿಸಿ, ನೇರ ಮೂರ್ತಪ್ಪನ ಜಗಲಿಯ ಮುಂದೆ ನಿಂತಳು. ಪದ್ಧತಿಯಂತೆ ಬಾಗಿಲಿಗೆ ಕೈಮುಗಿದು ಕರೆದಳು.

"ಸಾವ್ಕಾರ್ರೇ, ನಮ್ಮ ಹೊಲಕ್ಕೆ ಮುಯ್ಯಿಗೆ ಬರ್ರಿ."

ಮೂರ್ತಪ್ಪ ನಕ್ಕ. ತಮಾಷೆ ಎಂದುಕೊಂಡಿದ್ದ. ಜಗಲಿ, ಅಂಗಳ, ರಸ್ತೆ ತುಂಬ ಜನ ಕೂತುಕೊಳ್ಳುತ್ತಿರುವುದು ಕಂಡಮೇಲೆ ನಗು ನಿಲ್ಲಿಸಿದ.

"ಏನಮ್ಮ ಇದು? ನಾನು ಮುಯ್ಯಿಗೆ ಬರಾದಾ?"

"ಕೂಲಿ ಅಲ್ಲ ಅಂತ ನೀವೇ ಅಂದ್ರಂತೆ. ದಾನ ಕೊಡಾಕೆ ನಮಗೇನು ಕೈಲಾಗ್ತೈತಾ? ಹಂಗಾದ್ರೆ ಮುಯ್ಯೀನೇ ಅಲ್ವಾ? ಹದ ಹೋಗ್ತಾ ಐತೆ, ಎದ್ದು ಬರ್ರಿ. ನಿಮ್ಮ ಎತ್ತು ಬರ್ಲಿ, ನಿಮ್ಮ ಟ್ರ್ಯಾಕ್ಟ್ರು ಬರ್ಲಿ, ನೀವೂ ಬರ್ರಿ."

ಸಾಹುಕಾರ ಇನ್ಸ್‌ಪೆಕ್ಟರಿಗೆ ಹೇಳಿಕಳಿಸಿದ. ಅವರು ಬಂದು, ಜನವನ್ನು ನೋಡಿ, ಪೇಪರನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಮುಯ್ಯಿ ಕಿಯ್ಯಿ ನನ್ನ ಕಾನೂನಿಗೆ ಬರಲ್ಲ ಸಾಹುಕಾರ್ರೇ," ಎಂದು ಬಂದ ದಾರಿಯಲ್ಲೇ ಹೋದರು. ಜಂಪಣ್ಣನನ್ನು ಕರೆಸೋಣವೆಂದರೆ ಅವನು ಚಳ್ಳಕೆರೆ ಕಡೆ ಇನ್ನಾವುದೋ ದ್ವೀಪಕ್ಕೆ ಜನ ಆರಿಸಲು ಹೋಗಿದ್ದನಂತೆ.

ಅಷ್ಟರಲ್ಲಿ ಬೋರಣ್ಣ ತನ್ನವರೊಡನೆ ಬಂದು ಹಟ್ಟಿಯವರ ಪಕ್ಕದಲ್ಲೇ ಕೂತ. ಲಾರಿ ತುಂಬುವ ಹಮಾಲಿಗಳೂ ತಲೆಯ ಮೇಲಿನ ಗೋಣಿ ಇಳಿಸಿ ಕೂತರು. ಮಂಡಿಯ ಮುಂದೆ ಖಾಲಿ ಲಾರಿ ನಿಂತಿತ್ತು. ಒಳಗೆ ಚಿಪ್ಪು ಬಿಡಿಸಿದ ಕೊಬ್ಬರಿ ರಾಶಿ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಈ ಥಂಡಿಗೆ ಕೊಬ್ಬರಿ ನಾಲ್ಕು ದಿನ ಹಾಗೇ ಬಿದ್ದರೆ ಬೂಷ್ಟು ಹಿಡಿಯುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಮೂರ್ತಪ್ಪನಿಗೇ ಗೊತ್ತಿತ್ತು.

"ಬೋರಾ, ನಿಮ್ಮ ಕೂಲಿ ವಿಷಯ ಮಾತಾಡಾಣ ಬಾರೋ. ಇವ್ರನ್ನ ಎಬ್ಸು," ಎಂದ.

"ಮಾತಾಡಾಣ ಸಾವ್ಕಾರ್ರೇ. ಮೊದ್ಲು ಅವ್ರ ಮುಯ್ಯಿ ತೀರ್ಲಿ. ಅಲ್ಲೀಗಂಟ ನಾವು ಗೋಣಿ ಮುಟ್ಟಲ್ಲ."

ಮೂರ್ತಪ್ಪ ಮಧ್ಯಾಹ್ನದವರೆಗೆ ತಡೆದ. ಆಮೇಲೆ ಜಗಲಿಗೆ ಬಂದು ಪೆಟ್ಟಿಗೆಯ ಬೀಗದಕೈ ಗೊಂಚಲನ್ನು ಅಲ್ಲಾಡಿಸಿದ.

"ಆತು ತಗಳ್ರಪ್ಪ, ಕೂಲಿನೇ ಕೊಡ್ತೀನಿ. ಈಸ್ಕಂಡು ಹೊಂಡ್ರಿ."

"ನೆಲಕ್ಕೆ ದುಡ್ಡು ಬಿತ್ತಿದ್ರೆ ಸಾವೆ ಬೆಳೀತೈತೇನ್ರಿ?" ಪಾಲಮ್ಮ ಕೂತಲ್ಲಿಂದಲೇ ಕೇಳಿದಳು. ಯಾರೂ ಏಳಲಿಲ್ಲ. ಮೋಡ ಮಂಡಿಯ ತಗಡಿನ ಮೇಲಕ್ಕೇ ಬಂದು ನಿಂತಿತು.

ಮಾರನೆಯ ಬೆಳಗ್ಗೆ ಮಾಡದಕೆರೆ ದಾರಿಯಲ್ಲಿ ಕಂಡ ಮೆರವಣಿಗೆಯನ್ನು ಜನ ಈಗಲೂ ಹೇಳಿಕೊಂಡು ನಗುತ್ತಾರೆ. ಮುಂದೆ ಟ್ರ್ಯಾಕ್ಟರು, ಹಿಂದೆ ಮೂರ್ತಪ್ಪನ ತೋಟದ ಎತ್ತುಗಳು, ಅವುಗಳ ಹಿಂದೆ ಕಚ್ಚೆ ಎತ್ತಿ ಕಟ್ಟಿದ ಮೂರ್ತಪ್ಪ. ಎಲ್ಲರ ಹೊಲಕ್ಕೂ ಹದ ಸಿಗಲಿಲ್ಲ, ಅದನ್ನು ಹೇಳಲೇಬೇಕು. ದಿಬ್ಬದ ಮೇಲಿನ ಹೊಲಗಳು ಆಗಲೇ ಒಣಗಿದ್ದವು. ಆ ಮನೆಗಳವರ ಹೊಟ್ಟೆ ಉರಿ ಆ ವರ್ಷ ಆರಲಿಲ್ಲ.

ಚಿತ್ತಯ್ಯನ ಹೊಲದಲ್ಲಿ ಇನ್ನೂ ಪಸೆಯಿತ್ತು. ಬದುವಿನ ಮೇಲೆ ಹಟ್ಟಿಯವರೂ ಬೋರಣ್ಣನ ಕಡೆಯವರೂ ಒತ್ತೊತ್ತಾಗಿ ನಿಂತಿದ್ದರು. ಪಾಲಮ್ಮ ಬೀಜದ ಮಡಿಲು ಕಟ್ಟಿಕೊಂಡು ಕೂರಿಗೆಯ ಹಿಂದೆ ನಿಂತಳು. ಚಿತ್ತಯ್ಯ ಎತ್ತು ಹೂಡಿ ಪಕ್ಕಕ್ಕೆ ಸರಿದ. ಮೂರ್ತಪ್ಪ ಕೂರಿಗೆಯನ್ನು ನೋಡಿದ, ತನ್ನ ಉಂಗುರದ ಕೈ ನೋಡಿಕೊಂಡ, ಬದುವಿನ ಮೇಲಿನ ಜನರನ್ನು ನೋಡಿದ.

"ನನಗೆ ಇದು ಹಿಡಿಯಾಕೆ ಬರಲ್ಲಮ್ಮ," ಎಂದ ಸಣ್ಣ ದನಿಯಲ್ಲಿ.

"ನಮಗೂ ಕಾಯಿ ಸುಲಿಯಾಕೆ ಬರ್ತಿರಲಿಲ್ಲ ಸಾವ್ಕಾರ್ರೇ," ಎಂದಳು ಪಾಲಮ್ಮ. "ಹಿಡೀರಿ. ಕೈ ಬೊಬ್ಬೆ ಎದ್ರೆ ತಾನೇ ಬರ್ತೈತೆ."